ಸ್ಪೀಡ್ ಇಳಿಸಿದ ಮೇಲೇ ಮನೆ ನೆಟ್ ಸರಿಹೋಯ್ತು

‘ದುಡ್ಡು ಕೊಟ್ಟು ತಗೊಂಡ ಸ್ಪೀಡನ್ನ ನೀವೇ ಕತ್ತರಿಸ್ತೀರಲ್ಲ ಮಾರಾಯ್ರೇ’ ಅಂತ ಮೂಡಿಗೆರೆಯಲ್ಲಿ ನಕ್ಕವರೇ ಜಾಸ್ತಿ. ರೂಟರಾಗಿ ಇಟ್ಟ ಲಿನಕ್ಸ್ ಡಬ್ಬಿಯಲ್ಲಿ 60 ಎಂಬಿಪಿಎಸ್ ಫೈಬರನ್ನು 50ಕ್ಕೆ ಕಟ್ಟಿಹಾಕಿದ್ದೇನೆ. ಟೊರೆಂಟ್ ಓಡುತ್ತಿದ್ದರೆ 400 ಮಿಲಿಸೆಕೆಂಡ್ ದಾಟುತ್ತಿದ್ದ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) ಈಗ 30ರ ಆಸುಪಾಸು. ನಕ್ಕವರ ಮನೆಯಲ್ಲಿ ವಿಡಿಯೋ ಕಾಲ್ ಇನ್ನೂ ತೊದಲುತ್ತೆ.

ಲೈನ್ ತುಂಬಿದರೆ ಪ್ಯಾಕೆಟ್ಟುಗಳ (ಡೇಟಾ ತುಣುಕುಗಳ) ಸಾಲು ನಿಲ್ಲೋದು ಒಎನ್‌ಟಿಯಲ್ಲೋ (ಮನೆಯ ಫೈಬರ್ ಮೋಡೆಮ್) ಕಂಪನಿ ಕಡೆಯಲ್ಲೋ, ನಮ್ಮ ಕೈಗೆ ಸಿಗದ ಜಾಗದಲ್ಲಿ. ಲಿಮಿಟ್ ಕೆಳಗಿಟ್ಟರೆ ಸಾಲು ನಮ್ಮ ಡಬ್ಬಿಗೆ ಬರುತ್ತೆ, ಕೇಕ್ ಅನ್ನೋ ಲಿನಕ್ಸಿನ ಸಾಲು ನಿಭಾಯಿಸುವ ವ್ಯವಸ್ಥೆ ಅದನ್ನು ನೋಡಿಕೊಳ್ಳುತ್ತೆ. ಲಿನಕ್ಸ್ ಕರ್ನಲ್ 4.19ರಿಂದ ಅದು ಒಳಗೇ ಇದೆ. ಲಿಮಿಟ್ ಹಾಕುವಾಗ ಪ್ಲಾನಿನ ಅಂಕಿ ನಂಬಬೇಡಿ. ರಾತ್ರಿ ಎಂಟೊಂಬತ್ತು ಗಂಟೆಗೆ ಅಳೆದು, ಸಿಕ್ಕಿದ್ದರ ಶೇ. 90 ಇಡಿ. ಡೌನ್‌ಲೋಡಿಗೆ ಐಎಫ್‌ಬಿ (ಒಳಬರುವ ಡೇಟಾವನ್ನು ಹಾಯಿಸುವ ನಕಲಿ ಇಂಟರ್ಫೇಸ್) ಬಳಸಿ. ಅಲ್ಲಿ ಕೇಕಿಗೆ ‘ನ್ಯಾಟ್’ ಜೊತೆ ‘ಡ್ಯುಯಲ್-ಡಿಎಸ್‌ಟಿಹೋಸ್ಟ್’ ಹಾಕಿದರೆ ನೂರು ಟೊರೆಂಟ್ ಕನೆಕ್ಷನ್ ಇದ್ದರೂ ಆ ಮೆಷಿನ್ನಿಗೆ ಒಂದೇ ಪಾಲು. ಅಪ್‌ಲೋಡನ್ನೂ ಕಟ್ಟಿ, ಅದು ತುಂಬಿದರೆ ಎಸಿಕೆ (‘ಡೇಟಾ ಬಂತು’ ಅನ್ನೋ ಮರುಸಂದೇಶ) ಹೊರಗೆ ಹೋಗದೆ ಡೌನ್‌ಲೋಡೂ ಕುಂಟುತ್ತೆ.

ಡಬ್ಬಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಸುಮಾರು ನಾಲ್ಕೂವರೆ ಸಾವಿರ. ಎರಡನೇ ಪೋರ್ಟಿಗೆ ಮುನ್ನೂರರ ಯುಎಸ್‌ಬಿ ಅಡಾಪ್ಟರ್ ಹಾಕಿ ನೋಡಿದ್ದೂ ಆಯ್ತು. ಬಿಸಿಯಾದರೆ ಲಿಂಕ್ ಬೀಳುತ್ತೆ. ಒಂಬೈನೂರರ ಗಿಗಾಬಿಟ್ಟಿನದು ಕೈಕೊಡದೆ ನಡೀತಿದೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಪಿಪಿಪಿಒಇ (ಕಂಪನಿಗೆ ಲಾಗಿನ್ ಆಗುವ ಸಂಪರ್ಕ) ಮತ್ತೆ ಡಯಲ್ ಆಗುತ್ತೆ, ಅದರ ಇಂಟರ್ಫೇಸ್ ಪಿಪಿಪಿ0 ಹೊಸದಾಗಿ ಹುಟ್ಟುತ್ತೆ, ಕೇಕ್ ಸದ್ದಿಲ್ಲದೆ ಮಾಯ. ಕೇಕ್ ಹಾಕುವ ಟಿಸಿ ಕಮಾಂಡಿನ ಸ್ಕ್ರಿಪ್ಟನ್ನು ‘ಐಪಿ-ಅಪ್.ಡಿ’ ಫೋಲ್ಡರಿನಲ್ಲಿಡಿ, ಲೈನ್ ಎದ್ದಾಗೆಲ್ಲ ಓಡುತ್ತೆ. ಡೆಬಿಯನ್ನಿನಲ್ಲಿ ಫೈಲಿನ ಹೆಸರಿಗೆ ‘.ಎಸ್‌ಎಚ್’ ಬಾಲ ಇರಕೂಡದು: ಚುಕ್ಕಿ ಇರುವ ಹೆಸರನ್ನು ಆ ಫೋಲ್ಡರ್ ಓಡಿಸುವ ರನ್-ಪಾರ್ಟ್ಸ್ ಮುಟ್ಟುವುದೇ ಇಲ್ಲ, ಎರರೂ ಕೊಡಲ್ಲ. ಲೈನ್ ಸೊರಗಿದಾಗ ಲಿಮಿಟ್ಟನ್ನು ತಾನಾಗಿ ಇಳಿಸುವ ಸ್ಕ್ರಿಪ್ಟೂ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಡೌನ್‌ಲೋಡ್. ಐಎಸ್‌ಒಗೆ (ಇನ್‌ಸ್ಟಾಲ್ ಡಿಸ್ಕಿನ ಫೈಲ್) ಟೊರೆಂಟೇ ಸರಿ, ಕರೆಂಟ್ ಹೋದರೂ ತುಂಡು ತುಂಡಾಗಿ ತಪಾಸಣೆ ಆಗಿರುತ್ತೆ. ಒಂದೇ ಸರ್ವರಿನ ದೊಡ್ಡ ಫೈಲಿಗೆ ಏರಿಯಾ2 ಅನ್ನೋ ಡೌನ್‌ಲೋಡರ್, ನಾಲ್ಕು ಕನೆಕ್ಷನ್ ಸಾಕು. ಹದಿನಾರು ಹಾಕಿದರೆ ಕೆಲವು ಮಿರರ್ (ಫೈಲಿನ ನಕಲಿಡುವ ಸರ್ವರ್) ಹೊರಗೆ ಹಾಕುತ್ತವೆ. ಚಿಕ್ಕದಕ್ಕೆ ವ್ಗೆಟ್ ಕಮಾಂಡ್, ನಿಂತಲ್ಲಿಂದ ಮುಂದುವರಿಸೋ ‘-ಸಿ’ ಜೊತೆ. ಒಂದೇ ಫೈಲಿಗೆ ಇವೆರಡನ್ನು ಬೆರೆಸಬೇಡಿ. ಏರಿಯಾ2 ಜಾಗವನ್ನು ಮೊದಲೇ ಕಾದಿರಿಸಿದ್ದರೆ ಅರ್ಧ ಇಳಿದ ಫೈಲೂ ಪೂರ್ತಿ ಸೈಜ್ ತೋರಿಸುತ್ತೆ. ಅದರ ಮೇಲೆ ವ್ಗೆಟ್ ಓಡಿಸಿದರೆ ‘ಆಗಲೇ ಇಳಿದಿದೆ’ ಅನ್ನುತ್ತೆ, ಒಳಗೆ ಮಾತ್ರ ತೂತು. ಎಸ್‌ಎಚ್‌ಎ256 (ಫೈಲಿನ ಬೆರಳಚ್ಚು) ತಾಳೆ ನೋಡುವವರೆಗೆ ಗೊತ್ತೇ ಆಗಲ್ಲ. ಪಕ್ಕದಲ್ಲಿರೋ ‘.ಏರಿಯಾ2’ ಫೈಲನ್ನು ಕಸ ಅಂತ ಅಳಿಸಿದರೂ ಇದೇ ಗತಿ, ಎಲ್ಲಿಯವರೆಗೆ ಇಳಿದಿತ್ತು ಅನ್ನೋ ಲೆಕ್ಕ ಇರೋದೇ ಅದರಲ್ಲಿ.

ಇಳಿದದ್ದನ್ನು ಎಲ್ಲರಿಗೂ ಉಳಿಸಿಡೋ ಸ್ಕ್ವಿಡ್ ಕ್ಯಾಶೂ ಹಾಕಿ ನೋಡಿದೆ, ಈಗ ಬಹುತೇಕ ಎಲ್ಲವೂ ಗೂಢಲಿಪಿಯ ಎಚ್‌ಟಿಟಿಪಿಎಸ್, ಹಿಡಿಯೋಕೆ ಹೆಚ್ಚೇನೂ ಸಿಗಲ್ಲ. ಡೆಬಿಯನ್ ಪ್ಯಾಕೇಜ್ ಉಳಿಸಿಡೋ ಏಪ್ಟ್-ಕ್ಯಾಶರ್-ಎನ್‌ಜಿ ಮಾತ್ರ ಲಾಭ: ಪೋರ್ಟ್ 3142, ನಾಲ್ಕು ಮೆಷಿನ್ನಿಗೆ ಅಪ್‌ಡೇಟ್ ಒಂದೇ ಸಲ ಇಳಿಯುತ್ತೆ. ಸೋರ್ಸಸ್ ಲಿಸ್ಟಿನಲ್ಲಿ ಎಚ್‌ಟಿಟಿಪಿ ಮಿರರ್ ಕೊಡಿ. ಪ್ಯಾಕೇಜ್ ಪಟ್ಟಿಯ ಸಹಿಯನ್ನು ಏಪ್ಟ್ ಹೇಗೂ ಪರೀಕ್ಷಿಸುತ್ತೆ.