ಸೆಫ್ ಟ್ರೇಸಿಂಗ್: ಆರ್ಥೊಡಾಂಟಿಕ್ಸ್ ಪಿ.ಜಿ. ಮೊದಲ ವರ್ಷದ ಕೈಕೆಲಸ

ಹಲ್ಲಿಗೆ ಕ್ಲಿಪ್ ಹಾಕುವ ತಜ್ಞರಾಗಬೇಕಾದರೆ ಬಿ.ಡಿ.ಎಸ್. ಮುಗಿಸಿ, ನೀಟ್-ಎಂ.ಡಿ.ಎಸ್. ಬರೆದು, ಮತ್ತೆ 3 ವರ್ಷ ಓದಬೇಕು. ಮೊದಲ ವರ್ಷ ಅಂಗರಚನೆ, ಮುಖದ ಬೆಳವಣಿಗೆಯ ಪಾಠಗಳ ಜೊತೆಗೆ ಕೈಕೆಲಸವೂ ಸಾಕಷ್ಟಿರುತ್ತದೆ. 0.7 ಮಿ.ಮೀ. ತಂತಿ ಬಗ್ಗಿಸಿ ಆಡಮ್ಸ್ ಕ್ಲಾಸ್ಪ್ (ಹಲ್ಲನ್ನು ಹಿಡಿದುಕೊಳ್ಳುವ ಕೊಂಡಿ) ಮಾಡಬೇಕು, ಟೈಪೊಡಾಂಟ್ ಎಂಬ ಅಭ್ಯಾಸದ ದವಡೆಯ ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಸರಿಸಬೇಕು, ತಲೆಯನ್ನು ಪಕ್ಕದಿಂದ ತೆಗೆದ ಎಕ್ಸ್‌ರೇ, ಅಂದರೆ ಸೆಫ್ ಮೇಲೆ ಹಾಳೆ ಹರಡಿ, ಮೂಳೆ-ಹಲ್ಲುಗಳ ಗೆರೆ ಎಳೆದು ಅಳೆಯುವ ಟ್ರೇಸಿಂಗ್ ಮಾಡಬೇಕು. ಕ್ಲಾಸ್ಪ್ ಕೆಟ್ಟರೆ ಮಾದರಿಯ ಮೇಲೆ ಕೂರುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಟ್ರೇಸಿಂಗ್ ಕೆಟ್ಟರೂ ಅಂಕಿಗಳು ಅಚ್ಚುಕಟ್ಟಾಗಿಯೇ ಬರುತ್ತವೆ. ಕಷ್ಟ ಇರುವುದೇ ಅಲ್ಲಿ.

ಮೊದಲು ಎಕ್ಸ್‌ರೇಯನ್ನೇ ಅನುಮಾನಿಸಿ

ಪೆನ್ಸಿಲ್ ಹಿಡಿಯುವ ಮುನ್ನ ಹಿಂದಿನ ಹಲ್ಲುಗಳು ಕಚ್ಚಿಕೊಂಡಿವೆಯೇ ನೋಡಿ. ರೋಗಿ ಬಾಯಿ ಸ್ವಲ್ಪ ತೆರೆದಿದ್ದರೂ ಕೆಳದವಡೆ ಹಿಂದಕ್ಕೆ, ಕೆಳಕ್ಕೆ ತಿರುಗಿರುತ್ತದೆ. ಇಲ್ಲದ ದೋಷ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಿಂಟ್ ಆಗಿದ್ದರೆ ಅದರಲ್ಲಿರುವ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಪರೀಕ್ಷಿಸಿ. ಹಾಳೆಗೆ ಹೊಂದುವಂತೆ ಕಂಪ್ಯೂಟರ್ ಚಿತ್ರವನ್ನು ಕುಗ್ಗಿಸಿದ್ದರೆ ಕೋನಗಳು ಕೆಡುವುದಿಲ್ಲ, ಮಿ.ಮೀ. ಅಳತೆಗಳೆಲ್ಲ ಕೆಡುತ್ತವೆ.

ಎಳೆಯುವ ಕ್ರಮ

ಅಸಿಟೇಟ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯ ಮಂಕು ಮೈ ಮೇಲೆ ಬರುವಂತೆ ಎಕ್ಸ್‌ರೇ ಮೇಲೆ ಹರಡಿ, ಒಂದೇ ಅಂಚಿಗೆ ಟೇಪ್ ಹಚ್ಚಿ. ಆಗಾಗ ಎತ್ತಿ ಕೆಳಗಿನ ಚಿತ್ರ ನೋಡಲೇಬೇಕಾದ್ದರಿಂದ ನಾಲ್ಕೂ ಕಡೆ ಅಂಟಿಸಬೇಡಿ. ಎಕ್ಸ್‌ರೇ ಮೇಲೆ ಮೂರು ಕಡೆ ಕೂಡು (+) ಗುರುತು ಹಾಕಿ, ಅವನ್ನು ಹಾಳೆಗೂ ಇಳಿಸಿಕೊಳ್ಳಿ. ಹಾಳೆ ಜರುಗಿದರೆ ಮತ್ತೆ ಕೂರಿಸಲು ಇವೇ ಆಧಾರ. ಚೂಪಾದ 3ಎಚ್ ಪೆನ್ಸಿಲ್ ಇರಲಿ, ಎಕ್ಸ್‌ರೇಗೆ ಕೆಳಗಿನಿಂದ ಬೆಳಕು ಬಿಟ್ಟು ಕೋಣೆಯ ದೀಪ ಆರಿಸಿ.

ಮುಖದ ಹೊರ ಅಂಚು, ಹಣೆ ಮತ್ತು ಮೂಗಿನ ಮೂಳೆ, ಸೆಲ್ಲಾ (ತಲೆಬುರುಡೆಯ ತಳದಲ್ಲಿ ಪಿಟ್ಯುಟರಿ ಗ್ರಂಥಿ ಕೂರುವ ಗುಂಡಿ), ಕಣ್ಣಿನ ಗೂಡು, ಮೇಲ್ದವಡೆ, ಕೆಳದವಡೆ, ಕೊನೆಗೆ ಹಲ್ಲು. ಕೆಳದವಡೆಯ ಎಡ-ಬಲ ಅಂಚುಗಳು ಜೋಡಿ ಗೆರೆಯಾಗಿ ಕಂಡರೆ ಎರಡರ ನಡುವೆ ಒಂದು ಗೆರೆ ಎಳೆಯಿರಿ. ಬೇಕಾದ ಕಡೆ ಬೇಕಾದ ಗೆರೆ ಆರಿಸಿಕೊಳ್ಳುವುದು ಹೊಸಬರ ಚಾಳಿ.

ಚುಕ್ಕೆಗಳು

ಸೆಲ್ಲಾ, ಅಂದರೆ ಎಸ್, ಆ ಗುಂಡಿಯ ನಡುಬಿಂದು. ಹಣೆ-ಮೂಗಿನ ಮೂಳೆಗಳು ಕೂಡುವ ಜಾಗದ ಮುಂತುದಿ ನೇಸಿಯನ್, ಅಂದರೆ ಎನ್. ಮೇಲ್ದವಡೆಯ ಮುಂಭಾಗದ ಒಳಬಾಗಿನ ಅತಿ ಆಳದ ಜಾಗ ಎ, ಕೆಳದವಡೆಯಲ್ಲಿ ಅಂಥದ್ದೇ ಜಾಗ ಬಿ. ಎ ಬಿಂದುವಿನ ಮೇಲೆ ಕೆನ್ನೆಯ ನೆರಳು ಬೀಳುವುದರಿಂದ ಅದು ಮಸುಕಾಗಿರುತ್ತದೆ. ಹಾಳೆ ಎತ್ತಿ ನೋಡದೆ ಗುರುತಿಸಬೇಡಿ.

ಎಲ್ಲಕ್ಕಿಂತ ಕಾಡುವುದು ಪೊರಿಯನ್. ಅದು ಹೊರಕಿವಿಯ ಮೂಳೆರಂಧ್ರದ ಮೇಲ್ತುದಿ. ತಲೆ ಅಲುಗದಂತೆ ಹಿಡಿಯುವ ಯಂತ್ರದ ಕಿವಿಕಡ್ಡಿಯ ಬಿಳಿ ಗುರುತು ಎದ್ದು ಕಾಣುವುದರಿಂದ ಅದನ್ನೇ ಪೊರಿಯನ್ ಎಂದುಕೊಳ್ಳುವವರು ಬಹಳ. ಕಣ್ಣುಗೂಡಿನ ಕೆಳತುದಿಗೂ ಪೊರಿಯನ್‌ಗೂ ಎಳೆದ ಗೆರೆ ಫ್ರಾಂಕ್‌ಫರ್ಟ್ ರೇಖೆ. ಪೊರಿಯನ್ 3 ಮಿ.ಮೀ. ಕೆಳಗಿಳಿದರೆ ಈ ರೇಖೆ ಸುಮಾರು 2 ಡಿಗ್ರಿ ವಾಲುತ್ತದೆ, ಅದಕ್ಕೂ ಕೆಳದವಡೆಯ ಕೆಳ ಅಂಚಿಗೂ ನಡುವಿನ ಕೋನ ಅಷ್ಟೇ ಹಿಗ್ಗುತ್ತದೆ.

ಅಳತೆ

ಸ್ಟೈನರ್ ಪದ್ಧತಿಯ ಮಾದರಿ ಅಂಕಿಗಳಲ್ಲಿ ಎಸ್‌ಎನ್‌ಎ (ಎಸ್, ಎನ್, ಎ ಚುಕ್ಕೆಗಳನ್ನು ಸೇರಿಸಿದಾಗ ಎನ್ ಬಳಿ ಬರುವ ಕೋನ) 82 ಡಿಗ್ರಿ, ಎಸ್‌ಎನ್‌ಬಿ 80, ವ್ಯತ್ಯಾಸವಾದ ಎಎನ್‌ಬಿ 2. ಎಎನ್‌ಬಿ ಹೆಚ್ಚಾದಷ್ಟೂ ಕೆಳದವಡೆ ಹಿಂದೆ ಅಥವಾ ಮೇಲ್ದವಡೆ ಮುಂದೆ. ಟ್ವೀಡ್ ತ್ರಿಕೋನದಲ್ಲಿ ಫ್ರಾಂಕ್‌ಫರ್ಟ್ ರೇಖೆ, ಕೆಳದವಡೆಯ ಕೆಳ ಅಂಚು, ಕೆಳಗಿನ ಬಾಚಿಹಲ್ಲು ಇವು ಮೂರು ಬಾಹುಗಳು. ಮಾದರಿ ಕೋನಗಳು 25, 65, 90 ಡಿಗ್ರಿ. ನೀವು ಅಳೆದ ಮೂರೂ ಕೂಡಿ 180 ಆಗದಿದ್ದರೆ ಪ್ರೊಟ್ರ್ಯಾಕ್ಟರ್ ಹಿಡಿದದ್ದೇ ತಪ್ಪು. ಆದರೆ ಪೊರಿಯನ್ ತಪ್ಪಿದ್ದರೂ ಮೊತ್ತ 180 ಬಂದೇ ಬರುತ್ತದೆ. ಲೆಕ್ಕ ತಾಳೆಯಾಯಿತೆಂದು ಚುಕ್ಕೆ ಸರಿ ಎಂದುಕೊಳ್ಳಬೇಡಿ.

ಎಎನ್‌ಬಿ ಒಂದನ್ನೇ ನಂಬುವುದೂ ಬೇಡ. ನೇಸಿಯನ್ ಸ್ವಭಾವತಃ ಮುಂದಿರುವ ಮುಖದಲ್ಲಿ, ದವಡೆಗಳು ಇದ್ದಲ್ಲೇ ಇದ್ದರೂ ಎಎನ್‌ಬಿ ಇಳಿಯುತ್ತದೆ. ಅದಕ್ಕೇ ವಿಟ್ಸ್ ಅಳತೆಯನ್ನೂ ತೆಗೆಯುತ್ತಾರೆ: ಎ, ಬಿ ಬಿಂದುಗಳಿಂದ ಹಲ್ಲು ಕಚ್ಚುವ ರೇಖೆಗೆ ಲಂಬ ಇಳಿಸಿ, ಅವು ಮುಟ್ಟಿದ ಜಾಗಗಳ ನಡುವಿನ ದೂರ ಅಳೆಯುವುದು. ಹೆಂಗಸರಲ್ಲಿ ಸುಮಾರು 0, ಗಂಡಸರಲ್ಲಿ -1 ಮಿ.ಮೀ., ಅಂದರೆ ಬಿ ತುಸು ಮುಂದೆ. ಇಲ್ಲಿ ಮೂಗಿನ ಮೂಳೆಯ ಗೊಡವೆಯೇ ಇಲ್ಲ.

ಇನ್ನೊಂದು ಮಾತು. ಸ್ಟೈನರ್ ಅಂಕಿಗಳು ಅಮೆರಿಕದ ಬಿಳಿಯರ ಮುಖದ್ದು. ನಮ್ಮ ಕಡೆ ಬಾಚಿಹಲ್ಲು ತುಸು ಮುಂದಿರುವುದು ಸಾಮಾನ್ಯ. ಆ ಅಂಕಿಗೆ ಹೊಂದಿಸಲೆಂದೇ ಹೊರಟರೆ ಬೇಡದವರಿಗೂ ನಾಲ್ಕು ಹಲ್ಲು ಕೀಳಬೇಕಾದೀತು. ತುಟಿ ಮುಚ್ಚುತ್ತದೆಯೇ, ಮುಖ ಹೇಗೆ ಕಾಣುತ್ತದೆ ಎಂಬುದನ್ನು ಕುರ್ಚಿಯಲ್ಲಿ ಕೂತವರನ್ನು ನೋಡಿ ತೀರ್ಮಾನಿಸಬೇಕು.

ಎರಡನೇ ಸಲ

ಎರಡು ವಾರ ಬಿಟ್ಟು, ಹಳೆಯ ಹಾಳೆ ನೋಡದೆ, ಅದೇ ಎಕ್ಸ್‌ರೇಯನ್ನು ಮತ್ತೆ ಟ್ರೇಸ್ ಮಾಡಿ. 1 ಡಿಗ್ರಿ ಅಥವಾ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವ ಚುಕ್ಕೆ ಜರುಗಿತು ಎಂದು ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಹುಡುಕಿ. ಥೀಸಿಸ್‌ನಲ್ಲಿ ಈ ವ್ಯತ್ಯಾಸವನ್ನು ಅಳತೆಯ ದೋಷ ಲೆಕ್ಕಹಾಕುವ ಡಾಲ್‌ಬರ್ಗ್ ಸೂತ್ರಕ್ಕೆ ಹಾಕಿ ತೋರಿಸುತ್ತಾರೆ. ಸಾಫ್ಟ್‌ವೇರ್ ಬಳಸಿದರೂ ಈ ಕೆಲಸ ತಪ್ಪುವುದಿಲ್ಲ: ಕೋನ ಅಳೆಯುವುದು ಅದು, ಪೊರಿಯನ್ ಎಲ್ಲಿದೆ ಎಂದು ಕ್ಲಿಕ್ ಮಾಡುವವರು ನೀವೇ. ತಾನೇ ಚುಕ್ಕೆ ಇಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ಅವು ಇಟ್ಟ ಎ ಬಿಂದು ಮತ್ತು ಪೊರಿಯನ್‌ಗಳನ್ನು ಹಿಗ್ಗಿಸಿ ನೋಡಿಯೇ ಒಪ್ಪಿಕೊಳ್ಳಿ.