ಶಾಖೆಯ ಸರ್ವರ್ ಶಾಖೆಗೇ ದುಡಿಯಲಿ: ಎರಡು ಊರುಗಳ ನಡುವೆ ಡೈರೆಕ್ಟರಿ ರೆಪ್ಲಿಕೇಷನ್ ಹೊಂದಿಸುವುದು ಹೇಗೆ?

ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿಯಲ್ಲಿ ಶಾಖೆ, ನಡುವೆ ವಿಪಿಎನ್ ಸಂಪರ್ಕ ಎಂದಿಟ್ಟುಕೊಳ್ಳಿ. ಲಾಗಿನ್ ನಿಧಾನ ಎಂದು ಶಾಖೆಯವರು ದೂರಿದರು. ಅಲ್ಲೇ ಒಂದು ಡೊಮೈನ್ ಕಂಟ್ರೋಲರ್, ಎಂದರೆ ಲಾಗಿನ್ ಪರಿಶೀಲಿಸುವ ಸರ್ವರ್ ಇಟ್ಟಿರಿ. ಆದರೂ ದೂರು ನಿಲ್ಲಲಿಲ್ಲ. ಸರ್ವರ್ ಇಟ್ಟರಷ್ಟೇ ಸಾಲದು, ಯಾವ ಕಂಪ್ಯೂಟರ್ ಯಾವ ಊರಿನದು ಎಂಬುದನ್ನು ಆಕ್ಟಿವ್ ಡೈರೆಕ್ಟರಿಗೆ (ಖಾತೆಗಳು, ಕಂಪ್ಯೂಟರುಗಳ ವಿವರ ಇಟ್ಟುಕೊಳ್ಳುವ ವಿಂಡೋಸ್ ವ್ಯವಸ್ಥೆ) ನಾವೇ ತಿಳಿಸಿಕೊಡಬೇಕು.

ಮೊದಲು ‘ಆಕ್ಟಿವ್ ಡೈರೆಕ್ಟರಿ ಸೈಟ್ಸ್ ಆ್ಯಂಡ್ ಸರ್ವಿಸಸ್’ ತೆರೆಯಿರಿ. ಸೈಟ್ ಎಂದರೆ ಇಲ್ಲಿ ಒಂದು ಊರಿನ ಕಚೇರಿ. ಅಲ್ಲಿ ‘ಡಿಫಾಲ್ಟ್ ಫಸ್ಟ್ ಸೈಟ್ ನೇಮ್’ ಎಂಬ ಒಂದೇ ಸೈಟ್ ಇರುತ್ತದೆ. ಅದಕ್ಕೆ ಬೆಂಗಳೂರಿನ ಹೆಸರಿಟ್ಟು, ಹುಬ್ಬಳ್ಳಿಗೆ ಹೊಸ ಸೈಟ್ ಮಾಡಿ. ಯಾವ ಲಿಂಕ್ ಎಂದು ಕೇಳಿದಾಗ ಸದ್ಯಕ್ಕೆ ಇರುವುದನ್ನೇ ಆರಿಸಿ.

ಎರಡನೆಯದು ಸಬ್‌ನೆಟ್, ಎಂದರೆ ಒಂದು ಜಾಲಕ್ಕೆ ಮೀಸಲಾದ ಐಪಿ ವಿಳಾಸಗಳ ಗುಂಪು. ಬಹಳಷ್ಟು ಕಡೆ ಬಿಟ್ಟುಹೋಗುವ ಹೆಜ್ಜೆ ಇದೇ, ಲಾಗಿನ್ ತಡವಾಗುವ ಮೂಲವೂ ಹೆಚ್ಚಾಗಿ ಇಲ್ಲೇ. ಕಂಪ್ಯೂಟರ್ ತನ್ನ ಊರನ್ನು ತಾನಾಗಿ ಅರಿಯದು. ಅದರ ಐಪಿ ವಿಳಾಸವನ್ನು ನೋಡಿ ‘ನೀನು ಇಂಥ ಸೈಟಿನವನು’ ಎಂದು ಡೊಮೈನ್ ಕಂಟ್ರೋಲರ್ ಹೇಳುತ್ತದೆ. ಆಮೇಲೆ ಕಂಪ್ಯೂಟರ್ ಆ ಸೈಟಿನ ಸರ್ವರನ್ನು ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ಹುಡುಕುತ್ತದೆ. ವಿಳಾಸ ಯಾವ ಸಬ್‌ನೆಟ್‌ಗೂ ಸೇರದಿದ್ದರೆ, ಹುಬ್ಬಳ್ಳಿಯ ಕಂಪ್ಯೂಟರ್ ಬೆಂಗಳೂರಿನ ಸರ್ವರಿನ ಬಾಗಿಲು ತಟ್ಟಬಹುದು. ಆದ್ದರಿಂದ 192.168.10.0/24 ಬೆಂಗಳೂರಿಗೆ, 192.168.20.0/24 ಹುಬ್ಬಳ್ಳಿಗೆ ಎಂಬಂತೆ, ವೈಫೈಗೆ ಕೊಟ್ಟ ವಿಳಾಸಗಳನ್ನೂ ಬಿಡದೆ, ಎಲ್ಲವನ್ನೂ ದಾಖಲಿಸಿ. ಬಿಟ್ಟುಹೋದದ್ದು ಇದ್ದರೆ ಸರ್ವರಿನ ಈವೆಂಟ್ ಲಾಗ್‌ನಲ್ಲಿ 5807 ಎಂಬ ಸಂಖ್ಯೆಯ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ.

ಶಾಖೆಯ ಸರ್ವರ್ ಇನ್ನೂ ಬೆಂಗಳೂರು ಸೈಟಿನಲ್ಲೇ ಕುಳಿತಿದ್ದರೆ, ಬಲ ಕ್ಲಿಕ್ ಮಾಡಿ ‘ಮೂವ್’ ಆರಿಸಿ ಹುಬ್ಬಳ್ಳಿಗೆ ಸರಿಸಿ. ಅದರ ‘ಎನ್‌ಟಿಡಿಎಸ್ ಸೆಟ್ಟಿಂಗ್ಸ್’ನಲ್ಲಿ ಗ್ಲೋಬಲ್ ಕ್ಯಾಟಲಾಗ್ (ಇಡೀ ಡೈರೆಕ್ಟರಿಯಲ್ಲಿ ಹುಡುಕಲು ನೆರವಾಗುವ ಸೂಚಿ) ಗುರುತು ಇದೆಯೇ ಎಂದೂ ನೋಡಿ.

ಇನ್ನು ಸೈಟ್ ಲಿಂಕ್, ಎಂದರೆ ಎರಡು ಸೈಟುಗಳ ನಡುವೆ ರೆಪ್ಲಿಕೇಷನ್ (ಡೈರೆಕ್ಟರಿಯ ಬದಲಾವಣೆಗಳು ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲಾಗುವುದು) ನಡೆಯುವ ದಾರಿ. ಇದರ ಮೂಲ ವೆಚ್ಚ 100, ಒಂದು ರೆಪ್ಲಿಕೇಷನ್‌ನಿಂದ ಮುಂದಿನದಕ್ಕೆ ಅಂತರ 180 ನಿಮಿಷ. ವೆಚ್ಚವೆಂದರೆ ಹಣವಲ್ಲ, ಎರಡು ದಾರಿಗಳಿದ್ದಾಗ ಕಡಿಮೆ ಸಂಖ್ಯೆಯದನ್ನು ಆರಿಸಲು ಇಟ್ಟ ಅಂಕಿ. ಎರಡೇ ಊರುಗಳಿದ್ದರೆ ಅದನ್ನು ಮುಟ್ಟಬೇಕಿಲ್ಲ. ಅಂತರವನ್ನು ಮಾತ್ರ ಬದಲಿಸಿ. ಕೆಲಸ ಬಿಟ್ಟವರೊಬ್ಬರ ಖಾತೆಯನ್ನು ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ನಿಷ್ಕ್ರಿಯಗೊಳಿಸಿದರೆ, ಆ ಸುದ್ದಿ ಹುಬ್ಬಳ್ಳಿಗೆ ತಲುಪುವಾಗ ಮಧ್ಯಾಹ್ನ ಒಂದಾಗಬಹುದು. ಅಷ್ಟು ಹೊತ್ತು ಬಾಗಿಲು ತೆರೆದಿಡುವುದು ನನಗಂತೂ ಒಪ್ಪಿಗೆಯಿಲ್ಲ. ಅತಿ ಕಡಿಮೆ ಅಂತರ 15 ನಿಮಿಷ. ಸಂಪರ್ಕ ತೀರಾ ದುರ್ಬಲವಲ್ಲದಿದ್ದರೆ ಅದನ್ನೇ ಇಡಿ. ಊರುಗಳ ನಡುವೆ ಮಾಹಿತಿ ಕುಗ್ಗಿಸಿಕೊಂಡೇ ಸಾಗುವುದರಿಂದ ಹೊರೆಯ ಭಯ ಬೇಡ.

ಯಾವ ಸರ್ವರ್ ಯಾವುದರೊಂದಿಗೆ ಮಾತನಾಡಬೇಕು ಎಂಬ ಜೋಡಣೆಯನ್ನು ಕೈಯಾರೆ ಮಾಡಲು ಹೋಗಬೇಡಿ. ಅದನ್ನು ಡೈರೆಕ್ಟರಿಯೇ ಲೆಕ್ಕಹಾಕಿ ರಚಿಸುತ್ತದೆ, ಒಂದು ಸರ್ವರ್ ಕೆಟ್ಟರೆ ಬೇರೆಯದನ್ನು ಹುಡುಕುತ್ತದೆ. ಬ್ರಿಜ್‌ಹೆಡ್ ಸರ್ವರನ್ನು (ಬೇರೆ ಸೈಟಿನೊಂದಿಗೆ ಮಾಹಿತಿ ವಿನಿಮಯ ಮಾಡುವ ಸರ್ವರ್) ನೀವೇ ನೇಮಿಸಿದ್ದು, ಅದೇ ಕೆಟ್ಟು ನಿಂತರೆ ಆ ರಕ್ಷಣೆ ಇರುವುದಿಲ್ಲ.

ಕೊನೆಗೆ ಪರೀಕ್ಷೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಪ್‌ಅಡ್ಮಿನ್ ಆದೇಶವನ್ನು ‘ರೆಪ್ಲ್‌ಸಮ್ಮರಿ’ ಆಯ್ಕೆಯೊಂದಿಗೆ ಓಡಿಸಿದರೆ, ಪ್ರತಿ ಸರ್ವರ್ ಕಳೆದ ಬಾರಿ ಮಾಹಿತಿ ಪಡೆದು ಎಷ್ಟು ಹೊತ್ತಾಯಿತು, ಎಷ್ಟು ಪ್ರಯತ್ನ ಸೋತಿತು ಎಂಬುದು ಕಾಣುತ್ತದೆ. ಇದನ್ನು ವಾರಕ್ಕೊಮ್ಮೆಯಾದರೂ ನೋಡಿ. ಈಗಿನ ಸಾಮಾನ್ಯ ಹೊಂದಿಕೆಯಲ್ಲಿ, 180 ದಿನಗಳಿಗಿಂತ ಹೆಚ್ಚು ಕಾಲ ಸಂಪರ್ಕ ತಪ್ಪಿದ ಸರ್ವರನ್ನು ಮರಳಿ ಜೋಡಿಸಬಾರದು. ಅಳಿಸಿಹೋದ ಖಾತೆಗಳು ಅದರಲ್ಲಿ ಉಳಿದುಕೊಂಡಿರುತ್ತವೆ. ಅದನ್ನು ತೆಗೆದು ಹೊಸದಾಗಿಯೇ ಸ್ಥಾಪಿಸಬೇಕು.

ಇಷ್ಟಾದ ಮೇಲೆ ಹುಬ್ಬಳ್ಳಿಯ ಕಂಪ್ಯೂಟರೊಂದನ್ನು ಮರುಚಾಲನೆ ಮಾಡಿ ಲಾಗಿನ್ ಆಗಿ, ‘ಸೆಟ್ ಲಾಗಾನ್‌ಸರ್ವರ್’ ಎಂದು ಕಮಾಂಡ್ ಕೊಡಿ. ಶಾಖೆಯ ಸರ್ವರಿನ ಹೆಸರು ಬರಬೇಕು. ಬೆಂಗಳೂರಿನದೇ ಬಂದರೆ ಸಬ್‌ನೆಟ್ ಪಟ್ಟಿಗೆ ಮರಳಿ ಹೋಗಿ.