ಫೋಟೊಗೆ ಎಷ್ಟು ಹೇಳುವುದು? ಮೊದಲು ಗಂಟೆ ಎಣಿಸಿ

‘ದಿನಕ್ಕೆ ಎಷ್ಟು ತಗೊಳ್ತೀರಿ?’ ಕಾಸರಗೋಡಿನ ಬದಿಯಡ್ಕದಿಂದ ಉಪ್ಪಳದವರೆಗೆ ಮದುವೆ ಮನೆಯವರು ಫೋಟೊಗ್ರಾಫರಿಗೆ ಮೊದಲು ಕೇಳುವ ಪ್ರಶ್ನೆ ಇದೇ. ಹೊಸದಾಗಿ ಸ್ವಂತ ಕೆಲಸ ಶುರು ಮಾಡಿದವರು ಇಲ್ಲೇ ಎಡವುತ್ತಾರೆ. ಪಕ್ಕದ ಸ್ಟುಡಿಯೊದವರು ಹತ್ತು ಸಾವಿರ ಹೇಳ್ತಾರಂತೆ, ನಾನು ಎಂಟು ಹೇಳಿದರೆ ಕೆಲಸ ನನಗೇ ಸಿಗಬಹುದು ಅಂತ ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತಾರೆ. ಕೆಲಸ ಸಿಗುತ್ತದೆ. ಮಳೆಗಾಲ ಬಂದು ಲೆನ್ಸಿನೊಳಗೆ ಬೂಷ್ಟು ಹಿಡಿದಾಗ ಮಾತ್ರ ಅದನ್ನು ಕ್ಲೀನ್ ಮಾಡಿಸಲು ಕೈಯಲ್ಲಿ ದುಡ್ಡಿರುವುದಿಲ್ಲ.

ಗಿರಾಕಿಯ ಕಣ್ಣಿಗೆ ಕಾಣುವುದು ಒಂದು ದಿನದ ಕೆಲಸ. ನೀವು ಮಾಡುವುದು ಐದು ದಿನದ್ದು. ದರ ಹೇಳುವಾಗ ಆ ಕಾಣದ ನಾಲ್ಕು ದಿನವೂ ಲೆಕ್ಕಕ್ಕೆ ಬರಬೇಕು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ವರ್ಷಕ್ಕೆ ನಿಮಗೆ ಒಟ್ಟು ಎಷ್ಟು ಬೇಕು ಅಂತ ಬರೆಯಿರಿ. ಉದಾಹರಣೆಗೆ ಎರಡು ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಲ್ಯಾಪ್‌ಟಾಪ್ ಸೇರಿ 4,80,000 ರೂಪಾಯಿ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,20,000. ರಿಪೇರಿ ಮತ್ತು ವಿಮೆಗೆ 30,000. ಹಾರ್ಡ್‌ಡಿಸ್ಕ್, ಸಾಫ್ಟ್‌ವೇರ್, ಇಂಟರ್‌ನೆಟ್‌ಗೆ 36,000. ಪೆಟ್ರೋಲ್ 36,000. ಕೋಣೆ ಬಾಡಿಗೆ, ಕರೆಂಟು 48,000. ಮನೆ ಖರ್ಚಿಗೆ ತಿಂಗಳಿಗೆ 25,000ದಂತೆ 3,00,000. ಆಪತ್ತಿಗೆ ಅಂತ 30,000. ಒಟ್ಟು 6,00,000. ನಿಮ್ಮ ಅಂಕಿ ಬೇರೆ ಇರುತ್ತದೆ, ಆದರೆ ಯಾವ ಸಾಲನ್ನೂ ಬಿಡಬೇಡಿ.

ಕ್ಯಾಮೆರಾ ಹೇಗೂ ಇದೆಯಲ್ಲ, ಅದಕ್ಕೇನು ಖರ್ಚು ಅಂತ ಅನೇಕರು ಕೇಳುತ್ತಾರೆ. ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಶಟರಿಗೂ ಆಯುಸ್ಸು ಇದೆ. ನಿಕಾನ್ ಡಿ750, ಕ್ಯಾನನ್ 5ಡಿ ಮಾರ್ಕ್ 4 ಇವಕ್ಕೆಲ್ಲ ಕಂಪನಿಯವರೇ ಹೇಳುವ ಲೆಕ್ಕ 1,50,000 ಕ್ಲಿಕ್. ಮದುವೆಗೆ 2,000 ಕ್ಲಿಕ್ ಹೊಡೆದರೆ 75 ಮದುವೆಗೆ ಅಷ್ಟೂ ಮುಗಿಯಿತು. ಅದಕ್ಕಿಂತ ಜಾಸ್ತಿ ಬಾಳಬಹುದು, ಆದರೆ ಧಾರೆಯ ಹೊತ್ತಿಗೆ ಶಟರ್ ನಿಂತುಹೋದರೆ ಆ ಗಳಿಗೆ ಮತ್ತೆ ಬರುವುದಿಲ್ಲ ಅಲ್ವಾ? ನಮ್ಮ ಕಾಸರಗೋಡಿನ ಮಳೆಗಾಲವಂತೂ ಲೆನ್ಸಿಗೆ ದೊಡ್ಡ ಶತ್ರು. ತೇವ ತೆಗೆಯುವ ಕಪಾಟು, ಅಂದರೆ ಡ್ರೈ ಕ್ಯಾಬಿನೆಟ್, ಆಗದಿದ್ದರೆ ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್ ಆದರೂ ಬೇಕು. ಅದರ ದುಡ್ಡೂ ದರದೊಳಗೇ ಬರಬೇಕು.

ಈಗ ದಿನಗಳನ್ನು ಎಣಿಸಿ. ರಜೆ, ಜ್ವರ, ನೆಂಟರ ಮನೆಯ ಕಾರ್ಯಕ್ರಮ ಎಲ್ಲ ಕಳೆದು ವರ್ಷಕ್ಕೆ 240 ದಿನ ಕೆಲಸ ಮಾಡುತ್ತೀರಿ ಅಂದುಕೊಳ್ಳೋಣ. ದಿನಕ್ಕೆ ಎಂಟು ಗಂಟೆಯಂತೆ 1,920 ಗಂಟೆ. ಇದರಲ್ಲಿ ಮೂರರಲ್ಲೊಂದು ಪಾಲು ಫೋನ್ ಮಾತು, ವಿಚಾರಿಸಲು ಬಂದು ಹೋದವರು, ಬಿಲ್ಲು, ಸಾಮಾನು ಒರೆಸುವುದು ಇದಕ್ಕೇ ಹೋಗುತ್ತದೆ, ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಉಳಿಯುವುದು 1,280 ಗಂಟೆ. 6,00,000ವನ್ನು ಅದರಿಂದ ಭಾಗಿಸಿ. ಗಂಟೆಗೆ ಸುಮಾರು 470 ರೂಪಾಯಿ.

ಇದನ್ನು ಒಂದು ಮದುವೆಗೆ ಹಾಕಿ ನೋಡೋಣ. ಹೋಗಿ ಬಂದು, ಫೋಟೊ ತೆಗೆದು 12 ಗಂಟೆ. ರಾತ್ರಿ ಮೆಮೊರಿ ಕಾರ್ಡ್ ಕಾಪಿ ಮಾಡಿ ಎರಡು ಕಡೆ ಇಡಲು ಒಂದು ಗಂಟೆ. ಒಳ್ಳೆಯ ಫೋಟೊ ಆರಿಸಲು ಐದು ಗಂಟೆ. ಈ ಆರಿಸುವ ಕೆಲಸವನ್ನು ಗಿರಾಕಿ ಒಮ್ಮೆಯೂ ನೋಡಿರುವುದಿಲ್ಲ. ಧಾರೆ ಎರೆಯುವಾಗಿನ 40 ಫೋಟೊ ಇದ್ದರೆ ಒಂದರಲ್ಲಿ ಮದುಮಗಳ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಸೋದರಮಾವನ ಮೊಬೈಲ್ ಅಡ್ಡ ಬಂದಿದೆ, ಮತ್ತೊಂದರಲ್ಲಿ ಎಲ್ಲ ಸರಿ ಇದೆ ಆದರೆ ನೀರಿನ ಧಾರೆಯೇ ಕಾಣುವುದಿಲ್ಲ. ಹಾಗೆ ಒಂದೊಂದನ್ನೇ ದೊಡ್ಡದು ಮಾಡಿ ನೋಡಿ ಮೂರು ಉಳಿಸಬೇಕು. ಆಮೇಲೆ 400 ಫೋಟೊಗೆ ಎರಡೆರಡು ನಿಮಿಷ ಎಡಿಟಿಂಗ್ ಅಂದರೂ 13 ಗಂಟೆ. ಆಲ್ಬಮ್ ವಿನ್ಯಾಸಕ್ಕೆ ಎಂಟು. ಅದು ಬೇಡ, ಇದು ಹಾಕಿ ಅಂತ ಮನೆಯವರು ಹೇಳುವ ತಿದ್ದುಪಡಿಗೆ ನಾಲ್ಕು. ಒಟ್ಟು 43 ಗಂಟೆ. 470ರಿಂದ ಗುಣಿಸಿದರೆ 20,210 ರೂಪಾಯಿ. ಆಲ್ಬಮ್ ಪ್ರಿಂಟು, ಸಹಾಯಕನ ಸಂಬಳ ಇದರ ಮೇಲೆ. ಎಂಟು ಸಾವಿರಕ್ಕೆ ಒಪ್ಪಿಕೊಂಡವರು ಗಂಟೆಗೆ 190 ರೂಪಾಯಿಯೂ ಪಡೆದಿರುವುದಿಲ್ಲ, ಅದರಲ್ಲೇ ಕ್ಯಾಮೆರಾ ಸವೆದದ್ದೂ ಸೇರಿತು.

1,280 ಗಂಟೆಯಲ್ಲಿ ಇಂಥ 30 ಮದುವೆಯಷ್ಟೇ ಮಾಡಲು ಆಗುವುದು. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಧನುರ್ಮಾಸದಲ್ಲಿ ಮುಹೂರ್ತ ಇಲ್ಲ. ಹಾಗಾಗಿ ಆ ಹೊತ್ತಿಗೆ ಬೇರೆ ಕೆಲಸ ಹುಡುಕಿ. ಹಪ್ಪಳ, ತೆಂಗಿನೆಣ್ಣೆ, ಉಪ್ಪಿನಕಾಯಿ ಮಾಡುವ ಮನೆಯವರಿಗೆ ಪ್ಯಾಕೆಟಿಗೆ ಹಾಕುವ ಫೋಟೊ ಬೇಕಿರುತ್ತದೆ, ಹೋಮ್‌ಸ್ಟೇಗಳಿಗೆ ಮಳೆಗಾಲದ ಫೋಟೊ ಬೇಕಿರುತ್ತದೆ. ಮುಹೂರ್ತ ಇಲ್ಲ ಅಂತ ಸಿಕ್ಕಿದ ದರಕ್ಕೆ ಒಪ್ಪಬೇಡಿ, ಗಂಟೆಯ ಲೆಕ್ಕ ಅಲ್ಲೂ ಅದೇ.

ವ್ಯಾಪಾರಕ್ಕೆ ಬಳಸುವ ಫೋಟೊ ಆದರೆ ಇನ್ನೊಂದು ಮಾತು ಮೊದಲೇ ಆಗಬೇಕು. ನಾನೊಮ್ಮೆ ಒಂದು ಹೋಮ್‌ಸ್ಟೇಗೆ ಒಂದು ದಿನದ ದರಕ್ಕೆ ಫೋಟೊ ತೆಗೆದುಕೊಟ್ಟೆ. ವೆಬ್‌ಸೈಟಿಗೆ ಮಾತ್ರ ಅಂತ ಬಾಯಿಮಾತು. ಮರುವರ್ಷ ಹೆದ್ದಾರಿ ಬದಿಯ ಹೋರ್ಡಿಂಗಿನಲ್ಲಿ ಅದೇ ಫೋಟೊ! ಕೇಳಿದರೆ, ‘ದುಡ್ಡು ಕೊಟ್ಟು ತೆಗೆಸಿದ್ದಲ್ವಾ?’ ಅಂದರು. ಬಹಳ ಬೇಜಾರಾಯಿತು. ಆದರೆ ಕಾನೂನು ಅವರ ಕಡೆ ಇತ್ತು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಒಪ್ಪಂದ ನೀವೇ ಬರೆಯಬೇಕು. ಹಕ್ಕು ನನ್ನದು, ವೆಬ್‌ಸೈಟಿಗೆ ಮತ್ತು ಕರಪತ್ರಕ್ಕೆ ಎರಡು ವರ್ಷ ಬಳಸಬಹುದು, ಹೋರ್ಡಿಂಗಿಗೆ ಬೇಕಾದರೆ ಬೇರೆ ದರ ಅಂತ ನಾಲ್ಕು ಸಾಲು ಸಾಕು, ಇಬ್ಬರ ಸಹಿ ಇರಲಿ. ಎಷ್ಟು ವರ್ಷ ಅಂತ ಬರೆಯಲು ಮರೆಯಬೇಡಿ, ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ತಿಳಿಯುತ್ತದೆ.

ದರವನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಬರೆದು ಕಳಿಸಿ. ಮನೆಯವರು ಯಾವ ಭಾಷೆ ಓದುತ್ತಾರೋ ಆ ಭಾಷೆಯಲ್ಲಿ, ಕನ್ನಡವೋ ಮಲಯಾಳವೋ. ಎಷ್ಟು ಗಂಟೆ, ಎಷ್ಟು ಫೋಟೊ, ಎಷ್ಟು ಸಲ ತಿದ್ದುಪಡಿ, ಯಾವಾಗ ಕೈಗೆ ಸಿಗುತ್ತದೆ ಅಂತ ಇರಲಿ. ಬೇಕಲ ಕೋಟೆಯಲ್ಲಿ ಮದುವೆಗೆ ಮುಂಚಿನ ಫೋಟೊ ಬೇಕು ಅಂದರೆ ಟಿಕೆಟು, ಅನುಮತಿ, ಪ್ರಯಾಣದ ಖರ್ಚು ಗಿರಾಕಿಯದ್ದು ಅಂತಲೂ ಬರೆಯಿರಿ. ದಿನ ಕಾದಿರಿಸಲು 30 ಶೇಕಡ ಮುಂಗಡ, ಮದುವೆ ದಿನ 50, ಉಳಿದ 20 ಆಲ್ಬಮ್ ಕೊಡುವ ಮೊದಲು. ಮುಂಗಡ ಬರುವವರೆಗೆ ಆ ದಿನ ನಿಮ್ಮದೇ.

ತಲಪಾಡಿ ಗಡಿ ದಾಟಿ ಕರ್ನಾಟಕದ ಮಂಗಳೂರಿನಲ್ಲಿ ಕೆಲಸ ಮಾಡಿದರೆ ಜಿಎಸ್‌ಟಿ ಬೇಕಾ ಅಂತ ಕೆಲವರಿಗೆ ಹೆದರಿಕೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ, ಫೋಟೊಗ್ರಫಿಯಂಥ ಸೇವೆಗೆ ರಾಜ್ಯ ಬೇರೆಯಾದರೂ ನೋಂದಣಿ ಕಡ್ಡಾಯ ಅಲ್ಲ.

ಕಷ್ಟ ಆಗುವುದು ಪರಿಚಯದವರ ಹತ್ತಿರ. ‘ನಮ್ಮ ಮನೆ ಹುಡುಗ ಅಲ್ವಾ, ಸ್ವಲ್ಪ ನೋಡಿ ಮಾಡು ಮಾರಾಯ’ ಅಂತಾರೆ. ಆಗ ಸುಮ್ನೆ ಅಂಕಿ ಇಳಿಸಬೇಡಿ, ಕೆಲಸ ಇಳಿಸಿ. ಆಲ್ಬಮ್ ಬೇಡ, 400ರ ಬದಲು 150 ಫೋಟೊ, ಬೆಳಗ್ಗಿನಿಂದ ಊಟದವರೆಗೆ ಮಾತ್ರ ಅಂದರೆ ನಿಮ್ಮ ಗಂಟೆಯೂ ಇಳಿಯುತ್ತದೆ. ಪ್ರೀತಿಯಿಂದ ಬಿಟ್ಟುಕೊಡುವುದೇ ಆದರೆ, ಊರಿನ ಯಕ್ಷಗಾನ ಸಂಘಕ್ಕೆ ನಾನು ಹಾಗೆ ಮಾಡುತ್ತೇನೆ, ಬಿಲ್ಲಿನಲ್ಲಿ ಪೂರ್ತಿ ದರ ಬರೆದು ಕೆಳಗೆ ರಿಯಾಯಿತಿ ಅಂತ ಕಳೆಯಿರಿ. ಅವರಿಗೆ ಕೆಲಸದ ಬೆಲೆ ಗೊತ್ತಾಗುತ್ತದೆ, ಅವರಿಂದ ಕೇಳಿ ಬರುವ ಮುಂದಿನವರು ರಿಯಾಯಿತಿಯ ದರವನ್ನೇ ನಿಮ್ಮ ದರ ಅಂದುಕೊಳ್ಳುವುದಿಲ್ಲ.

ಊರಿನ ಬೇರೆಯವರ ದರ ಕೇಳುವುದು ಇಷ್ಟೆಲ್ಲ ಆದ ಮೇಲೆ. ನಿಮ್ಮದು ಜಾಸ್ತಿ ಬಂದರೆ ಎಡಿಟಿಂಗ್ ಗಂಟೆ ಎಲ್ಲಿ ಉಳಿಸಬಹುದು ನೋಡಿ. ಕಡಿಮೆ ಬಂದರೆ ಯಾವುದೋ ಖರ್ಚು ಬಿಟ್ಟಿದ್ದೀರಿ, ನೋಟ್‌ಬುಕ್ ಮತ್ತೆ ತೆಗೆಯಿರಿ. ವರ್ಷಕ್ಕೊಮ್ಮೆ ಆಟಿಯಲ್ಲಿ ಕೂತು ಈ ಲೆಕ್ಕ ಹೊಸದಾಗಿ ಬರೆದು, ಮುಂದಿನ ಸೋಣ ತಿಂಗಳ ಬುಕಿಂಗಿನಿಂದ ಹೊಸ ದರ ಹೇಳಿ. ಮೊದಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಇರಲಿ.